ಇಂಜಿನಿಯರ್ ತೊಟ್ಟ ಕರಿಕೋಟು: ದೆಹಲಿಯ ವಕೀಲರೂ ನಮ್ಮ ಬೆಟ್ಟದ ಕುಟುಂಬಗಳೂ

ಹೂಗ್ಯಂ, ಮಾರ್ಟಳ್ಳಿ, ಕೌದಳ್ಳಿ, ರಾಮಾಪುರ ಸೀಮೆಯ ಕಥೋಲಿಕ ಮನೆಗಳಲ್ಲಿ ಮಕ್ಕಳ ಮುಂದಿನ ಓದಿನ ಪ್ರಸ್ತಾಪ ಬಂದಾಗ ಶಿಕ್ಷಕ ವೃತ್ತಿ, ದಾದಿಯರ ತರಬೇತಿ, ಐ.ಟಿ.ಐ., ಕೈಯಲ್ಲಿ ನಾಲ್ಕು ಕಾಸಿದ್ದವರಿಗೆ ಇಂಜಿನಿಯರಿಂಗ್ ಎಂಬ ಮಾತುಗಳು ಕೇಳಿಬರುವುದು ವಾಡಿಕೆ. ಮಗನು ಗುರುಮಠಕ್ಕೋ ಮಗಳು ಕನ್ಯಾಮಠಕ್ಕೋ ಹೊರಟರೆ ಕಣ್ಣೀರಿನ ನಡುವೆಯೂ ಹರಸಿ ಕಳುಹಿಸುವ ತಾಯಂದಿರು ನಮ್ಮಲ್ಲಿ ಕಡಿಮೆಯಿಲ್ಲ. ಆದರೆ ವಕೀಲಿ ಓದುತ್ತೇನೆಂದು ಹೊರಡುವ ಮಗುವಿಗೆ ಮಾತ್ರ ಅಂಥ ಹರಕೆ ಸಿಗುವುದು ವಿರಳ. ಕೋರ್ಟು ಕಚೇರಿಯ ಸಹವಾಸ ನಮಗೇಕೆಂದು ಹಿರಿಯರು ತಲೆಯಾಡಿಸುತ್ತಾರೆ. ನ್ಯಾಯಾಲಯದಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯೊಂದು ಸಿದ್ಧವಾಗಿಯೇ ಇರುತ್ತದೆ. ಈ ಗಾದೆ ಹುಟ್ಟಿದ್ದು ಅನುಭವದಿಂದಲೇ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ಇಂಥ ಮಾತು ಕಿವಿಗೆ ಬಿದ್ದಾಗಲೆಲ್ಲ ನಮಗೆ ನೆನಪಾಗುವವರು ಹಿರಿಯ ವಕೀಲರಾದ ಕಾಲಿನ್ ಗೊನ್ಸಾಲ್ವೆಸ್.

ಅವರು ಈ ಸೀಮೆಯವರಲ್ಲ. ಮುಂಬಯಿಯಲ್ಲಿ ಓದಿ ದೆಹಲಿಯಲ್ಲಿ ನೆಲೆನಿಂತು ಸರ್ವೋಚ್ಚ ನ್ಯಾಯಾಲಯದಲ್ಲಿ ವಾದಿಸುವವರು. ಆದರೆ ಅವರ ದುಡಿಮೆಯ ಎರಡು ಫಲಗಳು ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಹಳ್ಳಿಗಳನ್ನು ಮುಟ್ಟಿವೆ. ಒಂದು, ಶಾಲೆಯ ಮಕ್ಕಳ ಮುಂದೆ ಮಧ್ಯಾಹ್ನ ಬಂದು ಕೂರುವ ಬಿಸಿಯೂಟದ ತಟ್ಟೆ. ಇನ್ನೊಂದು, ನಾಲ್ವರ ಕೊರಳ ಬಳಿಗೆ ಬಂದಿದ್ದ ನೇಣಿನ ಹಗ್ಗ ಹಿಂದೆ ಸರಿದದ್ದು. ಸಂತ ಮತ್ತಾಯರ ಶುಭಸಂದೇಶದ 25ನೆಯ ಅಧ್ಯಾಯವನ್ನು ಬಲ್ಲ ಓದುಗರಿಗೆ ಹಸಿದವರೂ ಸೆರೆಯಲ್ಲಿರುವವರೂ ಅಲ್ಲಿ ಒಂದೇ ಸಾಲಿನಲ್ಲಿ ನಿಂತಿರುವುದು ನೆನಪಿರಬಹುದು.

1952ರಲ್ಲಿ ಹುಟ್ಟಿದ ಗೊನ್ಸಾಲ್ವೆಸ್ ಅವರು 1975ರಲ್ಲಿ ಮುಂಬಯಿಯ ಐ.ಐ.ಟಿ.ಯಿಂದ ಸಿವಿಲ್ ಇಂಜಿನಿಯರಿಂಗ್ ಪದವಿ ಪಡೆದವರು. ಆ ಕಾಲದಲ್ಲಿ ಅಂಥ ಪದವಿ ಕೈಗೆ ಬಂದವನು ಅಮೆರಿಕದ ವಿಮಾನ ಹತ್ತುವುದೋ, ದೊಡ್ಡ ಕಂಪೆನಿಯೊಂದರಲ್ಲಿ ಅಣೆಕಟ್ಟು ಸೇತುವೆಗಳ ನಕ್ಷೆ ಬರೆಯುವುದೋ ಸಹಜವಾಗಿತ್ತು. ಇವರು ಹೊಕ್ಕಿದ್ದು ಕಾರ್ಮಿಕ ಸಂಘದ ಕೆಲಸವನ್ನು. ಕಾರ್ಖಾನೆಯ ಬಾಗಿಲಲ್ಲಿ ಕೂತ ಕೆಲಸಗಾರರೊಡನೆ ತಿರುಗಾಡಿದಾಗ ಅವರಿಗೆ ಒಂದು ಸಂಗತಿ ಮನವರಿಕೆಯಾಗಿರಬೇಕು: ಮಾಲೀಕರ ಕಡೆಗೆ ಕಾನೂನು ಬಲ್ಲವರು ಹಿಂಡುಹಿಂಡಾಗಿ ಇರುತ್ತಾರೆ, ಕೂಲಿಯವನ ಕಡೆಗೆ ಇರುವುದು ಘೋಷಣೆ ಮಾತ್ರ. 1979ರಲ್ಲಿ ಅವರು ಸಂಘದ ಕೆಲಸ ಬಿಡದೆಯೇ ರಾತ್ರಿ ಕಾಲೇಜಿಗೆ ಸೇರಿ ಕಾನೂನು ಓದತೊಡಗಿದರು. ಇನ್ನೂ ವಿದ್ಯಾರ್ಥಿಯಾಗಿರುವಾಗಲೇ, ವೇತನ ಹೆಚ್ಚಳ ಕೇಳಿದ್ದಕ್ಕಾಗಿ ಹೊರದಬ್ಬಲ್ಪಟ್ಟ ಸುಮಾರು 5,000 ಕಾರ್ಮಿಕರ ಪರವಾಗಿ ಮೊದಲ ದಾವೆ ಹೂಡಿದರು. 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳುತನದಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳ ಲಕ್ಷಾಂತರ ಕಾರ್ಮಿಕರು ಮುಷ್ಕರ ಹೂಡಿ, ಗಿರಣಿಗಳೇ ಒಂದೊಂದಾಗಿ ಕಣ್ಮುಚ್ಚಿದ ಕಾಲವದು. ಅಂಥ ಊರಿನಲ್ಲಿ ಕರಿಕೋಟು ತೊಟ್ಟ ಇಂಜಿನಿಯರ್ ಕಾರ್ಮಿಕ ವ್ಯಾಜ್ಯಗಳ ವಕೀಲರಾದರು. 1989ರಲ್ಲಿ ಸಂಗಾತಿಗಳೊಡನೆ ಕೂಡಿ ಅವರು ಕಟ್ಟಿದ ‘ಹ್ಯೂಮನ್ ರೈಟ್ಸ್ ಲಾ ನೆಟ್‌ವರ್ಕ್’ ಎಂಬ ಸಂಸ್ಥೆಯು ಕ್ರಮೇಣ ಹಲವು ರಾಜ್ಯಗಳಿಗೆ ಹಬ್ಬಿ, ಹಣ ಕೊಡಲಾಗದವರ ಮೊಕದ್ದಮೆಗಳನ್ನು ನಡೆಸತೊಡಗಿತು.

ಸಂಸಾರವೊಂದಿಗನು ಇಂಥ ದಾರಿ ಹಿಡಿದರೆ ಮನೆಮಂದಿಯ ಗತಿಯೇನೆಂದು ಕೇಳುವವರಿಗೆ ನಮ್ಮ ನಾಡಿನದೇ ಒಂದು ಹಳೆಯ ಉದಾಹರಣೆಯಿದೆ. ಉಡುಪಿ ಸೀಮೆಯಲ್ಲಿ 1907ರಲ್ಲಿ ಹುಟ್ಟಿದ ಜೋಕಿಂ ಆಳ್ವ, ಅವರ ಪತ್ನಿ ವಯೊಲೆಟ್ ಆಳ್ವ ಇಬ್ಬರೂ ವಕೀಲರು. 1937ರಲ್ಲಿ ಮದುವೆಯಾದ ಮೇಲೆ ಮುಂಬಯಿಯಲ್ಲಿ ಜೊತೆಯಾಗಿಯೇ ವಕೀಲಿ ಆರಂಭಿಸಿದರು. ಸ್ವಾತಂತ್ರ್ಯ ಹೋರಾಟದಲ್ಲಿ ಬಂಧಿತರಾದಾಗ ವಯೊಲೆಟ್ ಅವರು ಐದು ತಿಂಗಳ ಹಸುಗೂಸನ್ನು ಎದೆಗವಚಿಕೊಂಡೇ ಆರ್ಥರ್ ರಸ್ತೆಯ ಜೈಲಿಗೆ ಹೋದರು. ಮರುವರ್ಷ, 1944ರಲ್ಲಿ, ಉಚ್ಚ ನ್ಯಾಯಾಲಯದ ಪೂರ್ಣಪೀಠದ ಮುಂದೆ ವಾದಿಸಿದ ದೇಶದ ಮೊದಲ ಮಹಿಳಾ ವಕೀಲೆ ಎನಿಸಿದರು. ಸ್ವಾತಂತ್ರ್ಯ ಬಂದ ಮೇಲೆ ಬಾಲನ್ಯಾಯಾಲಯದ ಅಧ್ಯಕ್ಷತೆ ವಹಿಸಿದರು. 1962ರಲ್ಲಿ ರಾಜ್ಯಸಭೆಯ ಉಪಸಭಾಪತಿಯಾದರು. ಜೋಕಿಂ ಅವರು ಉತ್ತರ ಕನ್ನಡದಿಂದ ಲೋಕಸಭೆಗೆ ಆರಿಸಿ ಹೋದರು. ಅದೇ ಜಿಲ್ಲೆಯಿಂದ 1999ರಲ್ಲಿ ಲೋಕಸಭೆಗೆ ಆರಿಸಿ ಬಂದವರು ಅವರ ಸೊಸೆ, ಬೆಂಗಳೂರಿನಲ್ಲಿ ಕಾನೂನು ಓದಿದ ಮಾರ್ಗರೆಟ್ ಆಳ್ವ. ನಾಲ್ಕು ಮಕ್ಕಳನ್ನು ಸಾಕುತ್ತಲೇ ಸಾರ್ವಜನಿಕ ಜೀವನ ನಡೆಸಿದ ಈ ಸೊಸೆಯು ರಾಜೀವ್ ಗಾಂಧಿಯವರ ಕಾಲದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿಯ ಹೊಣೆ ಹೊತ್ತಿದ್ದಾಗ ಪಂಚಾಯಿತಿಗಳಲ್ಲಿ ಹೆಂಗಸರಿಗೆ ಸ್ಥಾನ ಮೀಸಲಿಡುವ ಚಿಂತನೆ ಗಟ್ಟಿಗೊಂಡಿತು. ಇಂದು ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಸೀರೆ ಸೆರಗು ಸರಿಪಡಿಸಿಕೊಂಡು ಧೈರ್ಯವಾಗಿ ಪ್ರಶ್ನೆ ಕೇಳುವ ಸದಸ್ಯೆಯರಿಗೂ ಆ ವಕೀಲರ ಮನೆಗೂ ಹೀಗೊಂದು ನಂಟು. ರಾಜಕೀಯದಲ್ಲಿ ಅವರ ನಿಲುವುಗಳನ್ನು ಒಪ್ಪುವುದು ಬಿಡುವುದು ಬೇರೆ ಮಾತು.

ಗೊನ್ಸಾಲ್ವೆಸ್ ಅವರ ಕಥೆಗೆ ಮರಳೋಣ. 2001ರಲ್ಲಿ ರಾಜಸ್ಥಾನ ಬರದಿಂದ ತತ್ತರಿಸುತ್ತಿತ್ತು. ಸರ್ಕಾರದ ಗೋದಾಮುಗಳಲ್ಲಿ ಮಾತ್ರ ಧಾನ್ಯ ತುಂಬಿ ಚೆಲ್ಲುತ್ತಿತ್ತು, ಇಲಿ ಹೆಗ್ಗಣಗಳ ಪಾಲಾಗುತ್ತಿತ್ತು. ಜಯಪ್ರಕಾಶ ನಾರಾಯಣರು ಹುಟ್ಟುಹಾಕಿದ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಸ್ಥೆಯು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ಸಂವಿಧಾನದ 21ನೆಯ ವಿಧಿಯು ಬದುಕುವ ಹಕ್ಕನ್ನು ಕೊಟ್ಟಿರುವಾಗ ಅನ್ನವಿಲ್ಲದೆ ಬದುಕು ಯಾವುದು ಎಂಬುದೇ ಅದರ ಪ್ರಶ್ನೆ. ಆ ಮೊಕದ್ದಮೆಯನ್ನು ವರ್ಷಗಟ್ಟಲೆ ವಾದಿಸಿದ ವಕೀಲರು ಇವರೇ. 2001ರ ನವೆಂಬರ್ 28ರಂದು ನ್ಯಾಯಾಲಯ ನೀಡಿದ ಆದೇಶವು ಸರ್ಕಾರಿ ಹಾಗೂ ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿಯೊಂದು ಮಗುವಿಗೂ ವರ್ಷಕ್ಕೆ ಕನಿಷ್ಠ 200 ದಿನ, 300 ಕ್ಯಾಲೊರಿಗೂ 8ರಿಂದ 12 ಗ್ರಾಂ ಪ್ರೋಟೀನಿಗೂ ಕಡಿಮೆಯಿಲ್ಲದ, ಬೇಯಿಸಿದ ಊಟವನ್ನೇ ಕೊಡತಕ್ಕದ್ದೆಂದು ವಿಧಿಸಿತು. ಬೇಯಿಸಿದ ಎಂಬ ಆ ಪದವು ಬಹಳ ಮುಖ್ಯ. ಅದಕ್ಕೆ ಮುನ್ನ ಅನೇಕ ರಾಜ್ಯಗಳು ತಿಂಗಳಿಗೊಮ್ಮೆ ಮಕ್ಕಳ ಚೀಲಕ್ಕೆ ಹಸಿ ಧಾನ್ಯ ಅಳೆದು ಕೊಟ್ಟು ಕೈತೊಳೆದುಕೊಳ್ಳುತ್ತಿದ್ದವು. ಮನೆಗೆ ಹೋದ ಧಾನ್ಯ ಎಲ್ಲರ ಗಂಜಿಯಲ್ಲಿ ಕರಗಿ ಹೋಗುತ್ತಿತ್ತು, ಮಗುವಿನ ಹೊಟ್ಟೆ ಶಾಲೆಯಲ್ಲಿ ಖಾಲಿಯೇ.

ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಮೊದಲಾಗಿ, 2003ರಲ್ಲಿ ಉಳಿದ ಜಿಲ್ಲೆಗಳಿಗೂ ನಮ್ಮ ಚಾಮರಾಜನಗರಕ್ಕೂ ಬಂತು. ಬೆಳಗಿನ ಜಾವವೇ ತಾಯ್ತಂದೆ ಕೂಲಿಗೆ, ಕಲ್ಲುಕ್ವಾರಿಗೆ, ಗಡಿಯಾಚೆಯ ಕೆಲಸಗಳಿಗೆ ಹೊರಟುಹೋಗುವ ಈ ಒಣ ಸೀಮೆಯಲ್ಲಿ ಆ ಊಟದ ಬೆಲೆ ಏನೆಂದು ಶಾಲೆಯ ಉಪಾಧ್ಯಾಯಿನಿಯರನ್ನು ಕೇಳಬೇಕು. 2004ರ ಏಪ್ರಿಲ್‌ನಲ್ಲಿ ಅದೇ ಮೊಕದ್ದಮೆಯಲ್ಲಿ ಬಂದ ಇನ್ನೊಂದು ಆದೇಶವು ಅಡುಗೆಯವರ ನೇಮಕದಲ್ಲಿ ದಲಿತರಿಗೂ ಪರಿಶಿಷ್ಟ ಪಂಗಡದವರಿಗೂ ಆದ್ಯತೆ ಇರತಕ್ಕದ್ದೆಂದಿತು. ದಲಿತ ತಾಯಿಯೊಬ್ಬಳು ಬೇಯಿಸಿದ ಅನ್ನವನ್ನು ಎಲ್ಲ ಜಾತಿಯ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ನಮ್ಮ ಸೀಮೆಗೆ ಸಣ್ಣ ಸಂಗತಿಯಲ್ಲ. ಬಲಿಪೂಜೆಯಲ್ಲಿ ಒಂದೇ ರೊಟ್ಟಿಯಲ್ಲಿ ಪಾಲುಗೊಂಡು ಬೀದಿಯಲ್ಲಿ ಬೇರೆಬೇರೆ ನಿಲ್ಲುವ ಅಭ್ಯಾಸ ನಮ್ಮೊಳಗೂ ಪೂರ್ತಿ ಅಳಿದಿಲ್ಲವಾದ್ದರಿಂದ ಈ ಮಾತನ್ನು ಇಲ್ಲಿ ಹೇಳಬೇಕಾಯಿತು.

ಎರಡನೆಯ ಸಂಗತಿಯನ್ನು ಬರೆಯುವಾಗ ಲೇಖನಿ ತಡೆಯುತ್ತದೆ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ವೀರಪ್ಪನ್ ತಂಡವು ಹೂತಿಟ್ಟ ಸಿಡಿಮದ್ದು ಸ್ಫೋಟಗೊಂಡು ಪೊಲೀಸರೂ ಅರಣ್ಯ ಕಾವಲುಗಾರರೂ ಸೇರಿ 22 ಮಂದಿ ಪ್ರಾಣ ಕಳೆದುಕೊಂಡರು. ಅಂದು ಪವಿತ್ರ ಶುಕ್ರವಾರ. ಸತ್ತವರ ಮನೆಗಳಲ್ಲಿ ಹತ್ತಿದ ದುಃಖದ ಬೆಂಕಿ ಇನ್ನೂ ಆರಿಲ್ಲ. ಅವರನ್ನು ಮರೆತು ಈ ಕಥೆ ಹೇಳುವುದು ಅನ್ಯಾಯ. ಅದರ ಹಿಂದಿನ ವರ್ಷ, 1992ರ ಮೇ ತಿಂಗಳಲ್ಲಿ, ರಾಮಾಪುರದ ಠಾಣೆಯ ಮೇಲೆ ನಡೆದ ದಾಳಿಯಲ್ಲಿ ಐವರು ಪೊಲೀಸರು ಹತರಾಗಿದ್ದರು. ಈ ಸೀಮೆಯೇ ಬೆಂಕಿಯ ಮೇಲೆ ಕುಳಿತಿತ್ತು.

ಸ್ಫೋಟದ ನಂತರ ಟಾಡಾ ಎಂಬ ಕಾಯಿದೆಯ ಅಡಿಯಲ್ಲಿ ಬೆಟ್ಟದ ಸುತ್ತಿನ ಹಳ್ಳಿಗಳಿಂದ ನೂರಾರು ಮಂದಿಯನ್ನು ಹಿಡಿದೊಯ್ದರು. ಅವರಲ್ಲಿ ಕಥೋಲಿಕರೂ ಇದ್ದರು, ಹೆಂಗಸರೂ ಇದ್ದರು. 1987ರ ಆ ಕಾಯಿದೆಯ ಬಿಗಿ ಎಂಥದೆಂದರೆ, ಪೊಲೀಸ್ ಅಧಿಕಾರಿಯ ಮುಂದೆ ನೀಡಿದ ತಪ್ಪೊಪ್ಪಿಗೆಯೂ ಸಾಕ್ಷ್ಯವೆನಿಸುತ್ತಿತ್ತು, ಜಾಮೀನು ಸಿಗುವುದು ದುರ್ಲಭ, ಮೇಲ್ಮನವಿಗೆ ಬೆಂಗಳೂರಿನ ಉಚ್ಚ ನ್ಯಾಯಾಲಯದ ಮೆಟ್ಟಿಲು ಇಲ್ಲವೇ ಇಲ್ಲ, ನೇರವಾಗಿ ದೆಹಲಿಗೇ ಹೋಗಬೇಕು. 1956ರವರೆಗೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ಬಳಿಕ ಮೈಸೂರಿಗೆ ಬಂದು, 1997ರಲ್ಲಿ ಚಾಮರಾಜನಗರ ಜಿಲ್ಲೆಯಾದ ಈ ಮೂಲೆಯಲ್ಲಿ ಮನೆಮಾತು ತಮಿಳಾಗಿ ಶಾಲೆಯ ಮಾತು ಕನ್ನಡವಾಗಿರುವ ಕುಟುಂಬಗಳು ಅನೇಕ. ಅಂಥ ಮನೆಯ ಹೆಣ್ಣುಮಗಳು ಗಂಡನ ಬಿಡುಗಡೆಗಾಗಿ ಇಂಗ್ಲಿಷಿನ ಕಾಗದ ಹಿಡಿದು ದೆಹಲಿಯ ದಾರಿ ಹುಡುಕುವುದೆಂದರೆ ಹೇಗೆ?

ಕಾಯಿದೆಯೇನೋ 1995ರ ಮೇ ತಿಂಗಳಲ್ಲಿ ಕಾಲಾವಧಿ ಮುಗಿದು ಇಲ್ಲವಾಯಿತು. ಅದರಡಿ ಹಿಡಿದವರ ವಿಚಾರಣೆ ಮಾತ್ರ ಮೈಸೂರಿನ ವಿಶೇಷ ನ್ಯಾಯಾಲಯದಲ್ಲಿ ತೆವಳುತ್ತಲೇ ಇತ್ತು. 2000ದ ಜುಲೈಯಲ್ಲಿ ಡಾ. ರಾಜ್‌ಕುಮಾರ್ ಅವರ ಅಪಹರಣವಾದಾಗ ವೀರಪ್ಪನ್ ಈ ಬಂದಿಗಳ ಬಿಡುಗಡೆಯನ್ನು ಕೇಳಿದ. ಸರ್ಕಾರವೂ ಮೊಕದ್ದಮೆ ಹಿಂತೆಗೆದುಕೊಳ್ಳಲು ಮುಂದಾಯಿತು. ವೀರಪ್ಪನ್ ತಂಡಕ್ಕೆ ಬಲಿಯಾದ ಪೊಲೀಸ್ ಅಧಿಕಾರಿಯೊಬ್ಬರ ತಂದೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ ಅದನ್ನು ತಡೆದರು. ಮಗನನ್ನು ಕಳೆದುಕೊಂಡ ಆ ತಂದೆಯ ಸಂಕಟವೂ ನ್ಯಾಯದ್ದೇ. 2001ರ ಸೆಪ್ಟೆಂಬರಿನಲ್ಲಿ ಮೈಸೂರಿನ ನ್ಯಾಯಾಲಯವು ಏಳು ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿ, ನೂರಕ್ಕೂ ಹೆಚ್ಚು ಮಂದಿಯನ್ನು ನಿರ್ದೋಷಿಗಳೆಂದು ಬಿಟ್ಟಿತು. ಎಂಟು ವರ್ಷಗಳ ನಂತರ ನಿರ್ದೋಷಿ! ಆ ಎಂಟು ವರ್ಷಗಳಲ್ಲಿ ಬಿದ್ದ ಮನೆಗಳ ಲೆಕ್ಕವನ್ನು ಯಾವ ತೀರ್ಪಿನಲ್ಲೂ ಬರೆದಿಲ್ಲ. ಮೈಸೂರಿನಲ್ಲಿ ಆ ಮೊಕದ್ದಮೆಗಳನ್ನು ಹೊತ್ತು ನಡೆಸಿದ ವಕೀಲರ ಹೆಸರುಗಳು ಯಾವ ಫಲಕದ ಮೇಲೂ ಇಲ್ಲ, ಆದರೆ ನಮ್ಮ ಹಳ್ಳಿಗಳ ನೆನಪಿನಲ್ಲಿವೆ. ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದ ಸಮಿತಿಯು ಕಾರ್ಯಪಡೆಯ ದೌರ್ಜನ್ಯಗಳನ್ನು ವಿಚಾರಿಸಿ ವರದಿ ಕೊಟ್ಟ ಮೇಲೆ, 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 89 ಮಂದಿಗೆ ಪರಿಹಾರ ನೀಡಲು ಹೇಳಿತು. ನೊಂದವರೆಲ್ಲರಿಗೂ ಅದು ಮುಟ್ಟಿತೆಂದು ಯಾರೂ ಹೇಳಲಾರರು.

ಶಿಕ್ಷೆಗೊಳಗಾದವರು ಬಿಡುಗಡೆ ಕೋರಿ ದೆಹಲಿಗೆ ಮೇಲ್ಮನವಿ ಸಲ್ಲಿಸಿದರು. 2004ರ ಜನವರಿ 29ರಂದು ಬಂದ ಉತ್ತರ ಬೇರೆಯೇ: ನಾಲ್ವರ ಜೀವಾವಧಿ ಶಿಕ್ಷೆಯು ಮರಣದಂಡನೆಯಾಗಿ ಏರಿತು. ದಯಾಭಿಕ್ಷೆಯ ಅರ್ಜಿ ರಾಷ್ಟ್ರಪತಿ ಭವನ ಸೇರಿತು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ನಾಲ್ವರೂ ಒಂಬತ್ತು ವರ್ಷ ಕಾದರು. ಪ್ರತಿ ಬೆಳಗಿನ ಬೂಟಿನ ಸಪ್ಪಳಕ್ಕೂ ಎದೆ ಅದುರುವ ಒಂಬತ್ತು ವರ್ಷ. 2013ರ ಫೆಬ್ರುವರಿಯಲ್ಲಿ ಅರ್ಜಿ ತಿರಸ್ಕೃತವಾದ ಸುದ್ದಿ ಬಂತು. ಅದೇ ತಿಂಗಳ 9ರಂದು ತಿಹಾರದಲ್ಲಿ ಅಫ್ಜಲ್ ಗುರುವನ್ನು ಗುಟ್ಟಾಗಿ ಗಲ್ಲಿಗೇರಿಸಲಾಗಿತ್ತು, ಮನೆಯವರಿಗೆ ಕಳುಹಿಸಿದ ಅಂಚೆ ಕಾಗದ ತಲುಪಿದ್ದು ಶಿಕ್ಷೆ ಮುಗಿದ ಮೇಲೆ. ಹಿಂಡಲಗಾದಲ್ಲೂ ಹಾಗೆಯೇ ಆದೀತೆಂಬ ಭಯದಲ್ಲಿ ವಕೀಲರು ಸರ್ವೋಚ್ಚ ನ್ಯಾಯಾಲಯಕ್ಕೆ ಧಾವಿಸಿದರು. ಫೆಬ್ರುವರಿ 18ರಂದು ತಡೆಯಾಜ್ಞೆ ದೊರೆಯಿತು. ಅವರ ಪರವಾಗಿ ನಿಂತ ಹಿರಿಯ ವಕೀಲರು ಕಾಲಿನ್ ಗೊನ್ಸಾಲ್ವೆಸ್.

ಮುಂದೆ ಅದು ಶತ್ರುಘ್ನ ಚೌಹಾನ್ ಮೊಕದ್ದಮೆ ಎಂದು ಹೆಸರಾದ ಪ್ರಕರಣದೊಳಗೆ ಸೇರಿತು. ರಾಂ ಜೇಠ್ಮಲಾನಿ, ಆನಂದ್ ಗ್ರೋವರ್ ಮುಂತಾದವರೂ ಅದರಲ್ಲಿ ವಾದಿಸಿದರು. ಎದುರಿಗಿದ್ದ ದೊಡ್ಡ ಅಡ್ಡಿಯೆಂದರೆ, ಭಯೋತ್ಪಾದನೆಯ ಕಾಯಿದೆಯಲ್ಲಿ ಶಿಕ್ಷೆಗೊಳಗಾದವರು ವಿಳಂಬದ ಕಾರಣ ಹೇಳಿ ವಿನಾಯಿತಿ ಕೇಳುವಂತಿಲ್ಲವೆಂದು 2013ರಲ್ಲೇ ಅದೇ ನ್ಯಾಯಾಲಯದ ಪೀಠವೊಂದು ಹೇಳಿಬಿಟ್ಟಿತ್ತು. 2014ರ ಜನವರಿ 21ರಂದು ಮುಖ್ಯ ನ್ಯಾಯಮೂರ್ತಿ ಪಿ. ಸದಾಶಿವಂ ಅವರ ಪೀಠವು ಆ ಮಾತನ್ನು ಒಪ್ಪಲಿಲ್ಲ. ಸಾವನ್ನು ವರ್ಷಗಟ್ಟಲೆ ತಲೆಯ ಮೇಲೆ ತೂಗಿಬಿಡುವುದೇ ಒಂದು ಚಿತ್ರಹಿಂಸೆ, ಯಾವ ಕಾಯಿದೆಯಡಿ ಶಿಕ್ಷೆಯಾದರೂ ಮನುಷ್ಯ ಮನುಷ್ಯನೇ ಎಂಬುದು ಅದರ ಸಾರ. 15 ಮಂದಿಯ ಮರಣದಂಡನೆ ಜೀವಾವಧಿಗೆ ಇಳಿಯಿತು, ಅವರಲ್ಲಿ ನಮ್ಮ ಬೆಟ್ಟದ ಪ್ರಕರಣದ ನಾಲ್ವರೂ ಇದ್ದರು. ನ್ಯಾಯಮೂರ್ತಿ ಸದಾಶಿವಂ ಅವರು ಗರಿಕೆಕಂಡಿ ದಾಟಿ ಅಂದಿಯೂರಿಗೆ ಇಳಿದರೆ ಸಿಗುವ ಈರೋಡ್ ಜಿಲ್ಲೆಯ ರೈತ ಕುಟುಂಬದವರೆಂಬುದು ಇಲ್ಲಿ ಹಲವರಿಗೆ ಹೊಸ ವಿಷಯವಾಗಬಹುದು.

ಆ ತೀರ್ಪಿನಲ್ಲಿ ಇನ್ನೂ ಕೆಲವು ಮಾತುಗಳಿವೆ, ಕುಟುಂಬಗಳು ತಿಳಿದಿರಬೇಕಾದವು. ದಯಾ ಅರ್ಜಿ ತಿರಸ್ಕೃತವಾದದ್ದನ್ನು ಬಂದಿಗೂ ಮನೆಯವರಿಗೂ ಬರಹದಲ್ಲಿ ತಿಳಿಸಬೇಕು. ಅಲ್ಲಿಂದ ಶಿಕ್ಷೆಯ ದಿನಕ್ಕೆ ಕನಿಷ್ಠ 14 ದಿನಗಳ ಅಂತರವಿರಬೇಕು. ಕೊನೆಯ ಹಂತದವರೆಗೂ ಉಚಿತ ವಕೀಲರ ನೆರವು ಸಿಗಬೇಕು. ಗಲ್ಲಿಗೆ ಮುನ್ನ ತಾಯಿ, ಹೆಂಡತಿ, ಮಕ್ಕಳು ಬಂದು ನೋಡಿಹೋಗಲು ಜೈಲಿನವರೇ ಅನುವು ಮಾಡಿಕೊಡಬೇಕು. ಈ ಕೊನೆಯ ನಿಯಮವು ಮರಣದಂಡನೆಯನ್ನು ಬೇಕೆನ್ನುವವರಿಗೂ ಬೇಡವೆನ್ನುವವರಿಗೂ ಒಪ್ಪಿತವಾಗಬೇಕಾದದ್ದು. ನಮ್ಮ ಧರ್ಮಸಭೆಯ ನಿಲುವಂತೂ ಈಗ ಸ್ಪಷ್ಟ. ಸಂತ ದ್ವಿತೀಯ ಜಾನ್ ಪೌಲರು 1995ರ ವಿಶ್ವಪತ್ರದಲ್ಲಿ ಮರಣದಂಡನೆಗೆ ಅವಕಾಶವೇ ಬಾರದಷ್ಟು ಕಿರಿದಾದ ಕಿಂಡಿಯನ್ನು ಉಳಿಸಿದ್ದರು. ಜಗದ್ಗುರು ಫ್ರಾನ್ಸಿಸ್ ಅವರು 2018ರ ಆಗಸ್ಟ್‌ನಲ್ಲಿ ಧರ್ಮೋಪದೇಶ ಗ್ರಂಥದ 2267ನೆಯ ಕಂಡಿಕೆಯನ್ನು ತಿದ್ದಿ ಆ ಕಿಂಡಿಯನ್ನೂ ಮುಚ್ಚಿದರು. ನಾಲ್ವರ ಕೊರಳು ಉಳಿದದ್ದು ಅದಕ್ಕೂ ನಾಲ್ಕು ವರ್ಷ ಮೊದಲು, ಸಂವಿಧಾನದ ಬಲದಿಂದ.

ಗೊನ್ಸಾಲ್ವೆಸ್ ಅವರ ಎಲ್ಲ ಮೊಕದ್ದಮೆಗಳೂ ಜನಪ್ರಿಯವಾದವಲ್ಲ. ಮಣಿಪುರದಲ್ಲಿ ಗಂಡ ಮಕ್ಕಳನ್ನು ಕಳೆದುಕೊಂಡ ಹೆಂಗಸರು ಕಟ್ಟಿಕೊಂಡ ಸಂಘವು 1,528 ಸಾವುಗಳ ಪಟ್ಟಿ ಹಿಡಿದು 2012ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಾಗ ಅವರ ಪರ ವಾದಿಸಿ, 2017ರಲ್ಲಿ ಸಿ.ಬಿ.ಐ. ತನಿಖೆಯ ಆದೇಶ ಬರುವವರೆಗೆ ನಿಂತರು. ಬರ್ಮಾದಿಂದ ಓಡಿಬಂದ ರೋಹಿಂಗ್ಯಾ ನಿರಾಶ್ರಿತರ ಪರವಾಗಿಯೂ ನಿಂತು ನಿಂದೆ ಕೇಳಿದರು. 2017ರಲ್ಲಿ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಾಗ ನಮ್ಮ ಪತ್ರಿಕೆಗಳ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಮುಗಿದುಹೋಯಿತು. ಈ ಬಗೆಯ ವಕೀಲಿಯ ಮೇಲೆ ಒಂದು ಆಕ್ಷೇಪವೂ ಉಂಟು. ದೆಹಲಿಯಲ್ಲಿ ಗೆದ್ದ ಆದೇಶ ಹಳ್ಳಿಗೆ ಇಳಿಯುವಷ್ಟರಲ್ಲಿ ಸೊರಗುತ್ತದೆ, ಊರಿನಲ್ಲೇ ಕೇಳುವವರಿಲ್ಲದಿದ್ದರೆ ಅದು ಕಾಗದವಾಗಿಯೇ ಉಳಿಯುತ್ತದೆ. ಈ ಆಕ್ಷೇಪ ನಿಜವೆಂದೇ ನಮ್ಮ ಅನಿಸಿಕೆ. ಬಿಸಿಯೂಟದ ಅಕ್ಕಿ ಕಳಪೆಯಾದಾಗ ದೆಹಲಿಯ ವಕೀಲರು ಬಂದು ನೋಡುವುದಿಲ್ಲ. 1993ರಲ್ಲಿ ಈ ಹಳ್ಳಿಗಳಿಂದ ಜನರನ್ನು ಹಿಡಿದೊಯ್ದ ರಾತ್ರಿಗಳಲ್ಲಿ, ಕಾನೂನು ಬಲ್ಲ ಮಗನೋ ಮಗಳೋ ಪಕ್ಕದ ಬೀದಿಯಲ್ಲಿದ್ದಿದ್ದರೆ ಮೊದಲ ಅರ್ಜಿಯನ್ನು ಮರುದಿನವೇ ಬರೆಯಬಹುದಿತ್ತು.

ಆಸಕ್ತ ತಾಯ್ತಂದೆಯರ ಗಮನಕ್ಕೆ: ಪಿ.ಯು.ಸಿ. ಮುಗಿಸಿದವರಿಗೆ ಐದು ವರ್ಷದ, ಪದವಿ ಮುಗಿಸಿದವರಿಗೆ ಮೂರು ವರ್ಷದ ಕಾನೂನು ವ್ಯಾಸಂಗವಿದೆ. ಮೈಸೂರಿನಲ್ಲಿ ಶಾರದಾ ವಿಲಾಸ, ವಿದ್ಯಾವರ್ಧಕ, ಜೆ.ಎಸ್.ಎಸ್. ಕಾನೂನು ಕಾಲೇಜುಗಳು ಬಹುಕಾಲದಿಂದ ನಡೆದುಬಂದಿವೆ. ಸದ್ಯಕ್ಕೆ ವಕೀಲರ ಅಗತ್ಯ ಬಿದ್ದವರು ಹಣವಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು ಹಾಗೂ ಬಂಧನದಲ್ಲಿರುವವರು ಆದಾಯ ಎಷ್ಟೇ ಇರಲಿ, ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯಬಹುದು. ಕೊಳ್ಳೇಗಾಲದ ನ್ಯಾಯಾಲಯದಲ್ಲಿ ತಾಲೂಕು ಕಾನೂನು ಸೇವೆಗಳ ಸಮಿತಿಯನ್ನು ಕಂಡು ಅರ್ಜಿ ಕೊಟ್ಟರಾಯಿತು. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು, ಬರೆಯಲು ಬಾರದವರು ಬಾಯಿಮಾತಿನಲ್ಲಿ ಹೇಳಿ ಬರೆಸಬಹುದು.